ತನ್ನ ಪಾತ್ರವನ್ನೇ ಬಿಟ್ಟುಕೊಟ್ಟ ಹಾಸ್ಯನಟ

ಅಮೆರಿಕದ ಟೆಲಿವಿಷನ್ ಲೋಕದಲ್ಲಿ ಬೇಸಿಗೆಯೆಂದರೆ ಮಾರಾಟವಾಗದೆ ಉಳಿದ ಸರಕನ್ನು ಖಾಲಿ ಮಾಡುವ ಕಾಲವಾಗಿತ್ತು. ಧಾರಾವಾಹಿಯಾಗಲೆಂದು ತಯಾರಾಗಿ, ಯಾವ ಪ್ರಾಯೋಜಕನಿಗೂ ಬೇಡವಾದ ಮಾದರಿ ಕಂತುಗಳನ್ನು ವಾಹಿನಿಗಳು ಆಗ ಒಂದೊಂದಾಗಿ ತೋರಿಸಿ ಕೈತೊಳೆದುಕೊಳ್ಳುತ್ತಿದ್ದವು. 1960ರ ಜುಲೈ 19ರಂದು ಸಿಬಿಎಸ್ ವಾಹಿನಿ ಹಾಗೆ ತೋರಿಸಿದ ಕಂತಿನ ಹೆಸರು 'ಹೆಡ್ ಆಫ್ ದ ಫ್ಯಾಮಿಲಿ'. ಟಿ.ವಿ.ಯ ಹಾಸ್ಯ ಕಾರ್ಯಕ್ರಮಕ್ಕೆ ಪ್ರಹಸನ ಬರೆದು ಹೊಟ್ಟೆ ಹೊರೆಯುವ ರಾಬ್ ಎಂಬವನು, ಅವನ ಹೆಂಡತಿ ಲಾರಾ, ಒಬ್ಬ ಮಗ, ಕಚೇರಿಯಲ್ಲಿ ಇಬ್ಬರು ಜೊತೆಗಾರರು, ಮೇಲೊಬ್ಬ ಸಿಡುಕ ಧಣಿ. ಕತೆ ಬರೆದವನು ಕಾರ್ಲ್ ರೈನರ್. ರಾಬ್ ಆಗಿ ನಟಿಸಿದವನೂ ಅವನೇ. ಬದುಕು ಕೂಡ ಅವನದೇ. ಹೀಗೆ ಮೂರು ದಿಕ್ಕಿನಿಂದಲೂ ತನ್ನದೇ ಆದ ಕೆಲಸವೊಂದು ಬಿದ್ದುಹೋದದ್ದನ್ನು ಅವನು ಆ ಬೇಸಿಗೆಯಲ್ಲಿ ನೋಡಬೇಕಾಯಿತು.

ಒಂದೂಕಾಲು ವರ್ಷ ಕಳೆಯುವುದರೊಳಗೆ ಅದೇ ರಾಬ್, ಅದೇ ಲಾರಾ, ಅದೇ ಕಚೇರಿ ಮತ್ತೆ ತೆರೆಗೆ ಬಂದವು. ಈ ಸಲ ರಾಬ್ ಆಗಿದ್ದವನು ಬೇರೊಬ್ಬ. ಐದು ವರ್ಷ ಓಡಿದ ಆ ಧಾರಾವಾಹಿ 158 ಕಂತುಗಳನ್ನು ಕಂಡಿತು, 15 ಎಮಿ ಪ್ರಶಸ್ತಿಗಳನ್ನು ಗೆದ್ದಿತು. ಅಮೆರಿಕದ ಟಿ.ವಿ. ಹಾಸ್ಯದ ಇತಿಹಾಸವನ್ನು ಯಾರೇ ಬರೆಯಲಿ, 'ದ ಡಿಕ್ ವ್ಯಾನ್ ಡೈಕ್ ಶೋ'ಗೆ ಒಂದು ಅಧ್ಯಾಯ ಕೊಡದೆ ಮುಂದೆ ಹೋಗುವುದಿಲ್ಲ. ಸೋಲಿಗೂ ಗೆಲುವಿಗೂ ನಡುವೆ ಆದದ್ದು ಇಷ್ಟೇ: ತನ್ನ ಪಾತ್ರವನ್ನು ತಾನು ಮಾಡಬಾರದು ಎಂಬುದಕ್ಕೆ ಒಬ್ಬ ನಟ ಒಪ್ಪಿಕೊಂಡ. ಹಾಸ್ಯನಟರ ಜಾತಿಯನ್ನು ಬಲ್ಲವರಿಗೆ ಇದೆಷ್ಟು ದೊಡ್ಡ ಸಂಗತಿಯೆಂದು ಬಿಡಿಸಿ ಹೇಳಬೇಕಿಲ್ಲ.

ರೈನರ್ ಹುಟ್ಟಿದ್ದು 1922ರ ಮಾರ್ಚ್ 20ರಂದು, ನ್ಯೂಯಾರ್ಕ್ ನಗರದ ಬ್ರಾಂಕ್ಸ್‌ನಲ್ಲಿ. ವಲಸೆ ಬಂದ ಯಹೂದಿ ಕುಟುಂಬ. ಅಪ್ಪನದು ಗಡಿಯಾರ ರಿಪೇರಿಯ ಕಸುಬು. ಹೈಸ್ಕೂಲು ಮುಗಿಸಿದ ಹುಡುಗ ಹೊಲಿಗೆ ಯಂತ್ರ ರಿಪೇರಿ ಮಾಡುವ ಅಂಗಡಿಯಲ್ಲಿ ಕೈಯಾಳಾಗಿ ಸೇರಿದ. ಅದು ಮಹಾ ಆರ್ಥಿಕ ಕುಸಿತದ ಕಾಲ. ನಿರುದ್ಯೋಗಿಗಳಿಗೆ ಕೆಲಸ ಕೊಡಲು ರೂಸ್‌ವೆಲ್ಟ್ ಸರ್ಕಾರ ನಡೆಸುತ್ತಿದ್ದ ಯೋಜನೆಯಡಿ ನಾಟಕದ ತರಗತಿಗಳೂ ಪುಕ್ಕಟೆಯಾಗಿ ನಡೆಯುತ್ತಿದ್ದವು. ಪತ್ರಿಕೆಯಲ್ಲಿ ಬಂದ ಅದರ ಪ್ರಕಟಣೆಯನ್ನು ಅಣ್ಣ ಚಾರ್ಲಿ ತಮ್ಮನಿಗೆ ತೋರಿಸಿದ. ಮುಂದೆ ತನ್ನ ಬದುಕೆಲ್ಲ ಆ ಒಂದು ಪ್ರಕಟಣೆಯಿಂದ ಶುರುವಾಯಿತೆಂದು ರೈನರ್ ಮುಪ್ಪಿನ ತನಕ ಹೇಳುತ್ತಿದ್ದ. ಕಲೆಗೆ ಸರ್ಕಾರ ಖರ್ಚು ಮಾಡುವುದು ದಂಡವೆಂದು ವಾದಿಸುವವರ ಮುಂದೆ ಇಡಲು ಇದೊಂದು ಒಳ್ಳೆಯ ಲೆಕ್ಕ.

ಎರಡನೆಯ ಮಹಾಯುದ್ಧ ಅವನನ್ನು ಸೈನ್ಯಕ್ಕೆ ಎಳೆಯಿತು. ದುಭಾಷಿ ಮಾಡುವ ಉದ್ದೇಶದಿಂದ ಸೈನ್ಯ ಅವನಿಗೆ ಜಾರ್ಜ್‌ಟೌನ್ ವಿಶ್ವವಿದ್ಯಾಲಯದಲ್ಲಿ ಫ್ರೆಂಚ್ ಕಲಿಸಿತು. ಕಲಿಸಿದ ಮೇಲೆ, ಸೈನ್ಯಕ್ಕೆ ಸಹಜವಾದ ವಿವೇಕದಿಂದ, ಫ್ರೆಂಚ್ ಅಗತ್ಯವೇ ಇಲ್ಲದ ಪೆಸಿಫಿಕ್ ಸಾಗರದ ಕಡೆಗೆ ಕಳಿಸಿತು. ಹವಾಯಿಯಲ್ಲಿ ಬ್ರಿಟಿಷ್ ಮೂಲದ ನಟ ಮಾರಿಸ್ ಇವಾನ್ಸ್ ಸೈನಿಕರಿಗಾಗಿ ನಡೆಸುತ್ತಿದ್ದ ಮನರಂಜನೆಯ ತುಕಡಿ ಇತ್ತು. ರೈನರ್ ಅದನ್ನು ಸೇರಿ ದ್ವೀಪದಿಂದ ದ್ವೀಪಕ್ಕೆ ತಿರುಗಿದ. ಕಲಿತ ಫ್ರೆಂಚ್ ಪೂರ್ತಿ ವ್ಯರ್ಥವಾಗಲಿಲ್ಲ. ಫ್ರೆಂಚ್ ಅಲ್ಲದ ಫ್ರೆಂಚನ್ನು, ಎಂದರೆ ಅರ್ಥವಿಲ್ಲದ ಸದ್ದುಗಳನ್ನು ಫ್ರೆಂಚಿನ ಏರಿಳಿತದಲ್ಲಿ ಆಡುವುದು ಮುಂದೆ ಅವನ ಅನ್ನದ ಭಾಗವಾಯಿತು.

1950ರ ಫೆಬ್ರವರಿ 25ರಂದು ಎನ್‌ಬಿಸಿ ವಾಹಿನಿಯಲ್ಲಿ 'ಯುವರ್ ಶೋ ಆಫ್ ಶೋಸ್' ಆರಂಭವಾಯಿತು. ನಿರ್ಮಾಪಕ ಮ್ಯಾಕ್ಸ್ ಲೀಬ್‌ಮನ್. ಮುಖ್ಯ ತಾರೆಗಳು ಸಿಡ್ ಸೀಸರ್ ಮತ್ತು ಇಮೊಜಿನ್ ಕೋಕಾ. ಪ್ರತಿ ಶನಿವಾರ ರಾತ್ರಿ ತೊಂಬತ್ತು ನಿಮಿಷ, ವರ್ಷಕ್ಕೆ 39 ವಾರ, ಪೂರ್ತಿ ನೇರ ಪ್ರಸಾರ. ಮರುಚಿತ್ರೀಕರಣವೆಂಬುದೇ ಇಲ್ಲ. ಮಾತು ಮರೆತರೆ ಓದಿಕೊಳ್ಳಲು ಎದುರಿಗೆ ಹಲಗೆಯೂ ಇಲ್ಲ. ಪ್ರತಿ ವಾರ ಒಂದು ಹೊಸ ನಾಟಕವನ್ನು ಬರೆದು, ಕಲಿತು, ಆಡಿ, ಮರೆತುಬಿಡಬೇಕು. ಈಗ ಯೋಚಿಸಿದರೆ ಇದನ್ನು ಮನುಷ್ಯರು ಹೇಗೆ ಮಾಡಿದರೆಂದು ಆಶ್ಚರ್ಯವಾಗುತ್ತದೆ. ಮಾಡಿದವರ ಪೈಕಿ ಕೆಲವರ ಆರೋಗ್ಯ ಅದರಲ್ಲೇ ಹಾಳಾಯಿತು. ಸೀಸರ್ ಸ್ವತಃ ಕುಡಿತಕ್ಕೂ ನಿದ್ರೆ ಮಾತ್ರೆಗಳಿಗೂ ದಾಸನಾಗಿ, ಹೊರಬರಲು ದಶಕಗಳನ್ನೇ ತೆಗೆದುಕೊಂಡ.

ಈ ತಂಡದಲ್ಲಿ ರೈನರ್‌ನದು ಎರಡನೆಯ ಸ್ಥಾನ. ಎತ್ತರದ ನಿಲುವು, ಗಟ್ಟಿ ದನಿ, ನಂಬಬಹುದಾದ ಮುಖ. ಸೀಸರ್ ಹರಿದ ಕೋಟು ತೊಟ್ಟ ಜರ್ಮನ್ ಪ್ರೊಫೆಸರ್ ಆದರೆ ರೈನರ್ ವಿಮಾನ ನಿಲ್ದಾಣದಲ್ಲಿ ಅವನನ್ನು ತಡೆದು ಪ್ರಶ್ನೆ ಕೇಳುವ ವರದಿಗಾರ. ಎದುರಿನವನಿಗೆ ಏನೂ ಗೊತ್ತಿಲ್ಲ ಎಂಬುದು ಪ್ರೇಕ್ಷಕರಿಗೆಲ್ಲ ಗೊತ್ತು. ವರದಿಗಾರನಿಗೆ ಮಾತ್ರ ಗೊತ್ತಿಲ್ಲ. ಅವನು ಗಂಭೀರವಾಗಿ ಕೇಳುತ್ತಾ ಹೋದಷ್ಟೂ ಪ್ರೊಫೆಸರ್ ಆಳಕ್ಕೆ ಇಳಿಯುತ್ತಾ ಹೋಗುತ್ತಾನೆ. ನಗು ಬರುವುದು ಸೀಸರ್‌ನಿಂದ, ಅದಕ್ಕೆ ದಾರಿ ಮಾಡಿಕೊಡುವುದು ರೈನರ್. ಸಂಗೀತ ಕಚೇರಿಯಲ್ಲಿ ಒಳ್ಳೆಯ ಪಕ್ಕವಾದ್ಯದವನು ಹಾಡುಗಾರನಿಗೆ ಎಲ್ಲಿ ಜಾಗ ಬಿಡಬೇಕು, ಎಲ್ಲಿ ಒತ್ತಿ ಹಿಡಿಯಬೇಕು ಎಂದು ತಿಳಿದಿರುತ್ತಾನಲ್ಲ, ಅಂಥ ವಿದ್ಯೆ ಅದು. ಈ ವಿದ್ಯೆಯೇ ಮುಂದೆ ಅವನನ್ನು ನಿರ್ಮಾಪಕನನ್ನಾಗಿ ಮಾಡಿತೆಂದು ನನ್ನ ಎಣಿಕೆ. ಇನ್ನೊಬ್ಬರ ಪ್ರತಿಭೆ ಎಲ್ಲಿ ಅಡಗಿದೆ, ಯಾವ ಪ್ರಶ್ನೆಗೆ ಅದು ಹೊರಗೆ ಬರುತ್ತದೆ ಎಂದು ಊಹಿಸುವುದಷ್ಟೇ ಅವನ ದಿನನಿತ್ಯದ ಕೆಲಸವಾಗಿತ್ತು.

ನಟನೆಗಿಂತ ಹೆಚ್ಚಾಗಿ ಅವನನ್ನು ಸೆಳೆದದ್ದು ಬರಹಗಾರರ ಕೋಣೆ. ಮೆಲ್ ಟೋಲ್ಕಿನ್, ಲೂಸಿಲ್ ಕ್ಯಾಲೆನ್, ಮೆಲ್ ಬ್ರೂಕ್ಸ್, ನೀಲ್ ಸೈಮನ್ ಮತ್ತವನ ಅಣ್ಣ ಡ್ಯಾನಿ. ಮುಂದಿನ ವರ್ಷಗಳಲ್ಲಿ ಲ್ಯಾರಿ ಗೆಲ್ಬಾರ್ಟ್, ಸೆಲ್ಮಾ ಡೈಮಂಡ್. ಇಷ್ಟು ಜನ ಒಂದೇ ಕೋಣೆಯಲ್ಲಿ ಸಿಗಾರಿನ ಹೊಗೆಯ ನಡುವೆ ಏಕಕಾಲಕ್ಕೆ ಕೂಗುತ್ತಿದ್ದರು. ಬ್ರೂಕ್ಸ್ ದಿನವೂ ತಡವಾಗಿ ಬರುತ್ತಿದ್ದ. ಗಂಡಸರ ಗದ್ದಲದಲ್ಲಿ ತನ್ನ ಮಾತು ಯಾರಿಗೂ ಕೇಳಿಸದೆ ಹೋದಾಗ ಕ್ಯಾಲೆನ್ ಎತ್ತರಕ್ಕೆ ಹತ್ತಿ ನಿಂತು ತನ್ನ ಕೆಂಪು ಸ್ವೆಟರ್ ಬೀಸುತ್ತಿದ್ದಳಂತೆ. ಸೈಮನ್ ಮಹಾ ಸಂಕೋಚದವನು, ದನಿ ಏರಿಸಲಾರ. ಅವನು ರೈನರ್‌ನ ಪಕ್ಕದಲ್ಲಿ ಕುಳಿತು ಹೊಳೆದದ್ದನ್ನು ಪಿಸುಗುಟ್ಟುತ್ತಿದ್ದ. ರೈನರ್ ಎದ್ದು ನಿಂತು, ಇವನ ಹತ್ತಿರ ಇದೆ ಕೇಳಿ ಎಂದು ಎಲ್ಲರನ್ನೂ ಸುಮ್ಮನಾಗಿಸಿ ಅದನ್ನು ಗಟ್ಟಿಯಾಗಿ ಹೇಳುತ್ತಿದ್ದ. ಜೋಕು ಸೈಮನ್ನನದೆಂದು ಮೊದಲೇ ಸಾರಿ ಆಮೇಲೆ ಹೇಳುತ್ತಿದ್ದುದನ್ನು ಗಮನಿಸಬೇಕು. ಹಾಸ್ಯದ ಸಂತೆಯಲ್ಲಿ ಕದ್ದ ಮಾಲಿಗೇನೂ ಬರವಿರಲಿಲ್ಲ.

ಆ ಕೋಣೆಯಲ್ಲಿ ರೈನರ್‌ಗೆ ಬರಹಗಾರನ ಸಂಬಳವೂ ಇರಲಿಲ್ಲ, ತೆರೆಯ ಮೇಲೆ ಬರಹಗಾರನೆಂಬ ಹೆಸರೂ ಬರುತ್ತಿರಲಿಲ್ಲ. ನಟನಾಗಿ ಬಂದವನು, ಬಾಗಿಲು ತೆರೆದಿತ್ತೆಂದು ಒಳಗೆ ಕುಳಿತ. ಅಲ್ಲಿನ ವಿರಾಮದ ಹೊತ್ತಿನಲ್ಲೇ ಒಂದು ದಿನ ಅವನು ಬ್ರೂಕ್ಸ್‌ನತ್ತ ತಿರುಗಿ, ಎರಡು ಸಾವಿರ ವರ್ಷದ ಹಿಂದೆ ಯೇಸುವನ್ನು ಕಣ್ಣಾರೆ ಕಂಡವರು ನೀವೇ ತಾನೆ ಎಂಬಂಥ ಪ್ರಶ್ನೆ ಎಸೆದ. ಬ್ರೂಕ್ಸ್ ಕಣ್ಣು ಮಿಟುಕಿಸದೆ, ಹೌದು, ಬಲ್ಲೆ ಎಂದು ಶುರುಮಾಡಿದ. ಅಲ್ಲಿ ಹುಟ್ಟಿದ 'ಎರಡು ಸಾವಿರ ವರ್ಷದ ಮುದುಕ' ಹತ್ತು ವರ್ಷಗಳ ಕಾಲ ಗೆಳೆಯರ ಪಾರ್ಟಿಗಳಲ್ಲಷ್ಟೇ ಮಾತಾಡಿಕೊಂಡಿದ್ದ. ಯಹೂದಿ ಮುದುಕನ ಉಚ್ಚಾರಣೆ ಹೊರಗಿನವರ ಕಿವಿಗೆ ಅಪಹಾಸ್ಯವಾಗಿ ಕೇಳೀತೆಂಬ ಅಳುಕು ಇಬ್ಬರಿಗೂ ಇತ್ತು. ನಾಜಿಗಳ ಕಾಲ ಮುಗಿದು ಇನ್ನೂ ಬಹಳ ದಿನವಾಗಿರಲಿಲ್ಲ. ಕೊನೆಗೆ 1960ರಲ್ಲಿ ಧ್ವನಿಮುದ್ರಿಕೆಯಾಗಿ ಬಂತು, ಮನೆಮಾತಾಯಿತು. ಬರೆದಿಟ್ಟ ಸಂಭಾಷಣೆ ಅದರಲ್ಲಿರಲಿಲ್ಲ. ರೈನರ್ ಮುಂದೇನು ಕೇಳುತ್ತಾನೆಂದು ಬ್ರೂಕ್ಸ್‌ಗೆ ಗೊತ್ತಿರುತ್ತಿರಲಿಲ್ಲ. ಅವನನ್ನು ಇಕ್ಕಟ್ಟಿಗೆ ಸಿಕ್ಕಿಸುವುದೇ ರೈನರ್‌ನ ಗುರಿ.

1954ರಲ್ಲಿ ಮೊದಲ ಕಾರ್ಯಕ್ರಮ ಮುಗಿದು, ಕೋಕಾ ಬೇರೆಯಾಗಿ, ಸೀಸರ್ ತನ್ನದೇ ಹೆಸರಿನ 'ಸೀಸರ್ಸ್ ಅವರ್' ಆರಂಭಿಸಿದ. ರೈನರ್ ಜೊತೆಗೇ ಹೋದ. ಆ ಕಾಲದ ಒಂದು ಘಟನೆಯನ್ನು ಹೇಳಿದರೆ ನೇರ ಪ್ರಸಾರವೆಂದರೇನೆಂದು ತಿಳಿಯುತ್ತದೆ. ಇಟಾಲಿಯನ್ ಆಪೆರಾದ ಅಣಕು ನಡೆಯುತ್ತಿತ್ತು. ಭಾಷೆ ಎಂದಿನಂತೆ ಹುಸಿ ಇಟಾಲಿಯನ್. ವಿದೂಷಕನಾಗಿದ್ದ ಸೀಸರ್ ಕನ್ನಡಿಯ ಮುಂದೆ ಕೂತು ಕೆನ್ನೆಯ ಮೇಲೆ ಕಣ್ಣೀರ ಹನಿ ಬರೆದುಕೊಳ್ಳಬೇಕು. ಪೆನ್ಸಿಲ್ಲಿನ ಮೊನೆ ಮುರಿದು ಹನಿಯ ಬದಲು ಬರೀ ಗೀಟು ಮೂಡಿತು. ಸೀಸರ್ ತಡವರಿಸದೆ ಇನ್ನೊಂದು ಗೀಟು ಎಳೆದ, ಅಡ್ಡಕ್ಕೆ ಮತ್ತೆರಡು ಎಳೆದ, ಆ ಮನೆಗಳಲ್ಲಿ ಸೊನ್ನೆ-ಕತ್ತರಿ ಆಟ ಆಡಿ ತನ್ನ ಕೆನ್ನೆಯ ಮೇಲೆ ತಾನೇ ಗೆದ್ದ. ಹಾಡು ಒಂದು ಕ್ಷಣವೂ ನಿಲ್ಲಲಿಲ್ಲ. ಇಂಥದ್ದು ಬರೆದು ಬರುವುದಲ್ಲ.

ಈ ಕಾರ್ಯಕ್ರಮದಲ್ಲಿನ ನಟನೆಗೆ ರೈನರ್‌ಗೆ ಎರಡು ಎಮಿ ಬಂದವು. ಆದರೆ ನೆಲ ಕುಸಿಯುತ್ತಿತ್ತು. 1950ರಲ್ಲಿ ಅಮೆರಿಕದ ಹತ್ತು ಮನೆಗಳಲ್ಲಿ ಒಂದರಲ್ಲೂ ಟಿ.ವಿ. ಇರಲಿಲ್ಲವೆನ್ನಬಹುದು. ಇದ್ದ ಮನೆಗಳು ಹೆಚ್ಚಾಗಿ ದೊಡ್ಡ ನಗರಗಳವು. ಜಪಾನಿ, ಇಟಾಲಿಯನ್ ಸಿನಿಮಾಗಳನ್ನು ಅಣಕಿಸಿದರೆ ಅಲ್ಲಿನವರಿಗೆ ಅರ್ಥವಾಗುತ್ತಿತ್ತು. ದಶಕ ಮುಗಿಯುವ ಹೊತ್ತಿಗೆ ಹತ್ತರಲ್ಲಿ ಸುಮಾರು ಒಂಬತ್ತು ಮನೆಗಳಿಗೆ ಪೆಟ್ಟಿಗೆ ಬಂದಿತ್ತು. ಸೀಸರ್‌ನ ಎದುರಿಗೆ ಇನ್ನೊಂದು ವಾಹಿನಿಯಲ್ಲಿ ಲಾರೆನ್ಸ್ ವೆಲ್ಕ್ ಎಂಬ ವಾದ್ಯಗಾರ ಇಂಪಾದ, ಯಾರನ್ನೂ ಕೆಣಕದ ಸಂಗೀತ ನುಡಿಸುತ್ತಿದ್ದ. ಜನ ಆ ಕಡೆ ಹೊರಟರು. 1957ರ ಮೇ ತಿಂಗಳಲ್ಲಿ 'ಸೀಸರ್ಸ್ ಅವರ್' ನಿಂತಿತು. ಇತ್ತ ಹಾಲಿವುಡ್‌ನಲ್ಲಿ 1951ರಿಂದಲೇ 'ಐ ಲವ್ ಲೂಸಿ' ಮೂರು ಕ್ಯಾಮೆರಾಗಳಲ್ಲಿ, ಪ್ರೇಕ್ಷಕರ ಎದುರಿಗೇ, ಫಿಲ್ಮಿನ ಮೇಲೆ ಚಿತ್ರೀಕರಣವಾಗುತ್ತಿತ್ತು. ಫಿಲ್ಮ್ ಇದ್ದರೆ ಮತ್ತೆ ಮತ್ತೆ ತೋರಿಸಬಹುದು, ಮತ್ತೆ ಮತ್ತೆ ಮಾರಬಹುದು. ನ್ಯೂಯಾರ್ಕಿನ ನೇರ ಪ್ರಸಾರದ ಯುಗ ಸತ್ತದ್ದು ಈ ಲೆಕ್ಕಾಚಾರದಿಂದ. ಆ ಯುಗದ ನೆನಪು ಉಳಿದದ್ದೂ ಅರ್ಧಂಬರ್ಧ. ಪ್ರಸಾರದ ಪರದೆಗೇ ಕ್ಯಾಮೆರಾ ಹಿಡಿದು ತೆಗೆದ ಮಸುಕು ಪ್ರತಿಗಳು ಲೀಬ್‌ಮನ್‌ನಂಥವರ ಬಳಿ ಉಳಿದಿದ್ದರಿಂದ ಇಂದು ನಾವು ಅಷ್ಟಿಷ್ಟು ನೋಡುತ್ತಿದ್ದೇವೆ.

ಕೆಲಸವಿಲ್ಲದ ರೈನರ್‌ಗೆ ಧಾರಾವಾಹಿಗಳಲ್ಲಿ ನಟಿಸಲು ಕರೆ ಬರತೊಡಗಿದವು. ಕಳಿಸಿದ ಚಿತ್ರಕತೆಗಳನ್ನು ಹೆಂಡತಿ ಎಸ್ಟೆಲ್ ಓದಿದಳು. ಇದಕ್ಕಿಂತ ನೀವೇ ಚೆನ್ನಾಗಿ ಬರೆಯುತ್ತೀರಿ ಎಂದಳು. ಆಗಲೇ ತನ್ನ ಹುಡುಗತನವನ್ನು ಆಧರಿಸಿದ ಕಾದಂಬರಿಯೊಂದನ್ನು ಬರೆದು ಕೈ ಪಳಗಿದ್ದ ರೈನರ್, ಬೇರೆ ಯಾರೂ ನಿಲ್ಲದ ಯಾವ ನೆಲದ ಮೇಲೆ ತಾನು ನಿಂತಿದ್ದೇನೆ ಎಂದು ಕೇಳಿಕೊಂಡ. ಉತ್ತರ ಮನೆ ಬಾಗಿಲಲ್ಲೇ ಇತ್ತು. ಬೆಳಿಗ್ಗೆ ನ್ಯೂ ರಾಶೆಲ್ ಎಂಬ ಉಪನಗರದಿಂದ ಹೊರಟು ಮ್ಯಾನ್‌ಹಟನ್‌ನಲ್ಲಿ ಕೂಗಾಡುವ ಹುಚ್ಚರ ಕೋಣೆ ಸೇರಿ, ಸಂಜೆ ಹೆಂಡತಿ ಮಕ್ಕಳ ಮನೆಗೆ ಮರಳುವ ಬರಹಗಾರ. ಅಲ್ಲಿಯವರೆಗೆ ಟಿ.ವಿ.ಯ ಸಂಸಾರ ಹಾಸ್ಯಗಳಲ್ಲಿ ಅಪ್ಪಂದಿರು ಕೆಲಸಕ್ಕೆ ಹೋಗುತ್ತಿದ್ದರು, ಕೆಲಸ ಏನೆಂದು ಯಾರೂ ನೋಡಿರಲಿಲ್ಲ. ರೈನರ್ ಮನೆಯನ್ನೂ ಕಚೇರಿಯನ್ನೂ ಒಂದೇ ಕತೆಯೊಳಗೆ ಕೂರಿಸಿದ. ತಾನಿದ್ದ ಬಾನಿ ಮೆಡೊ ರಸ್ತೆಯ ಹೆಸರನ್ನೂ ಬಿಡಲಿಲ್ಲ; ತನ್ನ ಮನೆ 48ನೆಯ ನಂಬರಾದರೆ ರಾಬ್‌ನ ಮನೆ 148.

1958ರ ಬೇಸಿಗೆಯಲ್ಲಿ, ಫೈರ್ ಐಲೆಂಡ್ ಎಂಬ ಕಡಲ ತೀರದ ಬಿಡಾರದಲ್ಲಿ ಕೂತು ಹದಿಮೂರು ಕಂತು ಬರೆದ. ರೂಢಿಯಂತೆ ಒಂದು ಬರೆದು ಕಾಯುತ್ತಾರೆ. ಮುಂದೆ ಬೇರೆಯವರು ಬರೆಯುವಂತಾದರೆ ಈ ಜನ ಎಂಥವರು, ಹೇಗೆ ಮಾತಾಡುತ್ತಾರೆಂದು ಅವರಿಗೆ ದಾರಿ ಸಿಗಲಿ ಎಂಬುದು ಅವನ ಯೋಚನೆ. ನಟನ ತಲೆಯಲ್ಲಿ ನಿರ್ಮಾಪಕ ಹುಟ್ಟಿದ್ದು ಅಲ್ಲೇ ಇರಬೇಕು. ಮಾದರಿ ಕಂತಿಗೆ ಹಣ ಹಾಕಲು ನಟ ಪೀಟರ್ ಲಾಫರ್ಡ್ ಮುಂದಾದ. ಅವನು ಕೆನಡಿ ಮನೆತನದ ಅಳಿಯ. ಆದ್ದರಿಂದ ಮುಂದಿನ ಅಧ್ಯಕ್ಷನ ಅಪ್ಪ ಜೋಸೆಫ್ ಕೆನಡಿ ಚಿತ್ರಕತೆ ಓದಿ ತಲೆಯಾಡಿಸಿದ ಮೇಲೆಯೇ ಕಾಸು ಬಿಚ್ಚಿತು. ಫಲಿತಾಂಶವನ್ನು ಆಗಲೇ ಹೇಳಿದ್ದೇನೆ.

ರೈನರ್ ಕೈಚೆಲ್ಲಿದ. ಅವನ ಏಜೆಂಟ್ ಹ್ಯಾರಿ ಕಾಲ್ಕಿಮ್ ಚೆಲ್ಲಲಿಲ್ಲ. ಹದಿಮೂರು ಕಂತುಗಳನ್ನೂ ಶೆಲ್ಡನ್ ಲೆನರ್ಡ್‌ಗೆ ತೋರಿಸಿದ. ಲೆನರ್ಡ್ ಒಂದು ಕಾಲಕ್ಕೆ ಸಿನಿಮಾಗಳಲ್ಲಿ ಬಾಯಿಯ ಒಂದು ಮೂಲೆಯಿಂದ ಮಾತಾಡುವ ರೌಡಿಯ ಪಾತ್ರಗಳಿಗೆ ಹೆಸರಾದವನು, ಈಗ ಹಾಲಿವುಡ್‌ನ ದೊಡ್ಡ ಟಿ.ವಿ. ನಿರ್ಮಾಪಕ. ಓದಿ ಮೆಚ್ಚಿದ. ಒಂದೇ ಸಮಸ್ಯೆ, ರೈನರ್‌ನ ಪಾತ್ರಕ್ಕೆ ರೈನರ್ ಸರಿಯಾದ ನಟನಲ್ಲ ಎಂದ. ತಾನೇ ನಟನಾಗಿದ್ದವನು ಹೇಳಿದ ಮಾತಾದ್ದರಿಂದ ಅದಕ್ಕೊಂದು ತೂಕವಿತ್ತು.

ಲೆನರ್ಡ್ ಹೇಳಿದ್ದು ನಿಜವೇ? 'ಹೆಡ್ ಆಫ್ ದ ಫ್ಯಾಮಿಲಿ'ಯನ್ನು ಇಂದು ನೋಡಿದರೆ ಹೌದೆನಿಸುತ್ತದೆ. ರೈನರ್ ಕೆಟ್ಟ ನಟನೇನಲ್ಲ. ಆದರೆ ಅವನ ಮೈಯಲ್ಲಿ ಒಂದು ಅಧಿಕಾರವಿದೆ, ದನಿಯಲ್ಲಿ ನ್ಯೂಯಾರ್ಕಿನ ಒರಟಿದೆ. ಮುಗ್ಗರಿಸುವವನಂತೆ ಅವನು ಕಾಣುವುದಿಲ್ಲ. ರಾಬ್ ಮುಗ್ಗರಿಸದಿದ್ದರೆ ಕತೆಯೇ ಇಲ್ಲ. ಬ್ರಾಡ್‌ವೇಯಲ್ಲಿ 'ಬೈ ಬೈ ಬರ್ಡಿ' ಆಡುತ್ತಿದ್ದ ಡಿಕ್ ವ್ಯಾನ್ ಡೈಕ್‌ನ ಹೆಸರನ್ನು ಲೆನರ್ಡ್ ಸೂಚಿಸಿದ. ರೈನರ್ ನ್ಯೂಯಾರ್ಕಿಗೆ ಹೋಗಿ ನೋಡಿದ. ಉದ್ದನೆಯ ಕೈಕಾಲು ಎಲ್ಲಿ ಬೇಕಾದರೂ ಮಡಚುವ, ಪಕ್ಕದ ಮನೆಯವನಂಥ ಮುಖ. ಇವನೇ ನಾನು ಎಂದು ರೈನರ್ ಒಪ್ಪಿದ. ಹೆಂಡತಿಯ ಪಾತ್ರಕ್ಕೆ ಹತ್ತಾರು ನಟಿಯರನ್ನು ನೋಡಿ ಸೋತಿದ್ದಾಗ, ಹಿಂದೊಮ್ಮೆ ತನ್ನ ಧಾರಾವಾಹಿಯಲ್ಲಿ ಮಗಳ ಪಾತ್ರಕ್ಕೆ ಬಂದು ಮೂಗಿನ ಕಾರಣಕ್ಕೆ ತಿರಸ್ಕೃತಳಾದ ಹುಡುಗಿಯೊಬ್ಬಳನ್ನು ಹಾಸ್ಯನಟ ಡ್ಯಾನಿ ಥಾಮಸ್ ನೆನಪಿಸಿಕೊಂಡ. ಮೇರಿ ಟೈಲರ್ ಮೂರ್‌ಗೆ ಆಗ ಇಪ್ಪತ್ತನಾಲ್ಕು. ಅವಳು ಓದಿದ ಮೊದಲ ಸಾಲಿನಲ್ಲೇ ನಿಜವಾದ ಮನುಷ್ಯಳ ದನಿ ಕೇಳಿಸಿತೆಂದು ರೈನರ್ ಅವಳ ತಲೆಯ ಮೇಲೆ ಕೈಯಿಟ್ಟು ಹಾಗೆಯೇ ಲೆನರ್ಡ್‌ನ ಕೋಣೆಗೆ ನಡೆಸಿಕೊಂಡು ಹೋದ. ಕಚೇರಿಯ ಜೊತೆಗಾರರಾಗಿ ರೋಸ್ ಮರೀ, ಮೋರಿ ಆಮ್‌ಸ್ಟರ್‌ಡ್ಯಾಮ್ ಬಂದರು. ಮೋರಿಯ ಬಡಿ ಪಾತ್ರದಲ್ಲಿ ಬ್ರೂಕ್ಸ್ ಇದ್ದಾನೆ. ರೋಸ್ ಮರೀಯ ಸ್ಯಾಲಿಯಲ್ಲಿ ಕ್ಯಾಲೆನ್ ಮತ್ತು ಡೈಮಂಡ್ ಇದ್ದಾರೆ.

ಮೊದಲ ಕಂತಿನ ಚಿತ್ರೀಕರಣ ನಡೆದದ್ದು 1961ರ ಜನವರಿ 20ರಂದು. ಅದೇ ದಿನ ವಾಷಿಂಗ್ಟನ್‌ನಲ್ಲಿ ಜಾನ್ ಕೆನಡಿ ಅಧ್ಯಕ್ಷನಾಗಿ ಪ್ರಮಾಣ ಸ್ವೀಕರಿಸಿದ. ಪ್ರಸಾರ ಆರಂಭವಾದದ್ದು ಅಕ್ಟೋಬರ್ 3ರಂದು. ಜನ ನೋಡಲಿಲ್ಲ. ಮೊದಲ ವರ್ಷ ಮುಗಿಯುವಷ್ಟರಲ್ಲಿ ವಾಹಿನಿ ಇದನ್ನು ನಿಲ್ಲಿಸಲು ತೀರ್ಮಾನಿಸಿತು. ಲೆನರ್ಡ್ ವಿಮಾನ ಹತ್ತಿ ಸಿನ್ಸಿನಾಟಿಗೆ, ಪ್ರಾಯೋಜಕರಾದ ಪ್ರಾಕ್ಟರ್ ಅಂಡ್ ಗ್ಯಾಂಬಲ್ ಕಂಪನಿಯ ಕಚೇರಿಗೇ ಹೋಗಿ ಕಾಡಿದ. ಅವರು ಅರ್ಧ ಖರ್ಚು ಹೊರಲು ಒಪ್ಪಿದರು. ಉಳಿದರ್ಧಕ್ಕೆ ಸಿಗರೇಟಿನ ಕಂಪನಿಯೊಂದು ಸಿಕ್ಕಿತು. ಆಗಿನ ಅಮೆರಿಕದ ಟಿ.ವಿ.ಯಲ್ಲಿ ಪ್ರಾಯೋಜಕನೇ ನಿಜವಾದ ಒಡೆಯ. ಸಾಬೂನು ಮಾರುವವನು ಹೂಂ ಎಂದರೆ ವಾಹಿನಿಯೂ ಹೂಂ ಎನ್ನಬೇಕು. ಎರಡನೆಯ ವರ್ಷ 'ದ ಬೆವರ್ಲಿ ಹಿಲ್‌ಬಿಲೀಸ್' ಎಂಬ ಹಳ್ಳಿಗರ ಹಾಸ್ಯ ಜನರಿಗೆ ಹುಚ್ಚು ಹಿಡಿಸಿತು. ಅದು ಮುಗಿದೊಡನೆ ಬರುವುದು ರೈನರ್‌ನ ಕಾರ್ಯಕ್ರಮ. ಪೆಟ್ಟಿಗೆ ಆರಿಸದೆ ಕುಳಿತವರು ನೋಡಿದರು, ನೋಡಿದವರು ಬಿಡಲಿಲ್ಲ. ನಾಗರಿಕ ಹಾಸ್ಯದ ಮಾದರಿಯೆನಿಸಿದ ಕೃತಿಯನ್ನು ಉಳಿಸಿದ್ದು ಎಣ್ಣೆಬಾವಿ ಸಿಕ್ಕಿ ಶ್ರೀಮಂತರಾದ ಗುಡ್ಡಗಾಡಿನ ಜನ ಎಂಬುದನ್ನು ವಿಮರ್ಶಕರು ಅಷ್ಟಾಗಿ ನೆನೆಯುವುದಿಲ್ಲ.

ನಿರ್ಮಾಪಕನಾಗಿ ರೈನರ್ ಮಾಡಿದ್ದೇನು? ಮೊದಲೆರಡು ವರ್ಷದ ಬಹುಪಾಲು ಕಂತುಗಳನ್ನು ತಾನೇ ಬರೆದ. ಆಮೇಲೆ ಬಂದ ಯುವ ಬರಹಗಾರರಿಗೆ, ಈ ವಾರ ನಿಮ್ಮ ಮನೆಯಲ್ಲಿ ಏನಾಯಿತು ಎಂದು ಕೇಳುತ್ತಿದ್ದ. ಗಂಡನ ಕಾಗದವನ್ನು ಹೆಂಡತಿ ಒಡೆದು ಓದುವುದು, ಪಾರ್ಟಿಯಲ್ಲಿ ಆಡಬಾರದ ಮಾತು ಆಡಿಬಿಡುವುದು, ಇಷ್ಟರಿಂದಲೇ ಕಂತುಗಳು ಹುಟ್ಟಿದವು. ಆ ಕಾಲದ ಬೀದಿಮಾತುಗಳನ್ನು, ಸುದ್ದಿಯಲ್ಲಿದ್ದ ಸಂಗತಿಗಳನ್ನು ಸಂಭಾಷಣೆಯಿಂದ ದೂರವಿಟ್ಟ. ಮುಂದೊಂದು ದಿನ ನೋಡುವವರಿಗೆ ಹಳಸಲು ಎನಿಸಬಾರದೆಂಬ ದೂರದ ಲೆಕ್ಕ. ತಾಲೀಮಿನ ಮೇಜಿನ ಸುತ್ತ ಕೂತಾಗ ಯಾವ ನಟನೂ ಯಾವ ಸಾಲನ್ನೂ ಪ್ರಶ್ನಿಸಬಹುದಿತ್ತು. ಸೀಸರ್‌ನ ಕೋಣೆಯ ಗದ್ದಲವನ್ನು ಅವನು ಹಾಲಿವುಡ್‌ಗೆ ತಂದ, ಆದರೆ ಕಿರುಚಾಟವನ್ನು ಅಲ್ಲೇ ಬಿಟ್ಟು ಬಂದ.

ಕಪ್ಪುಪಟ್ಟಿಯ ಕಾಲವದು. ಕಮ್ಯುನಿಸ್ಟ್ ಎಂಬ ಶಂಕೆಯ ಮೇಲೆ ಕೆಲಸ ಕಳೆದುಕೊಂಡಿದ್ದ ಫ್ರಾಂಕ್ ಟಾರ್ಲಾಫ್ ಎಂಬ ಬರಹಗಾರ 'ಡೇವಿಡ್ ಆಡ್ಲರ್' ಎಂಬ ಹುಸಿ ಹೆಸರಿನಲ್ಲಿ ಈ ಧಾರಾವಾಹಿಗೆ ಬರೆದ. ಕಾಗದ ಒಡೆದು ಓದುವ ಹೆಂಡತಿಯ ಆ ಪ್ರಸಿದ್ಧ ಕಂತು ಅವನದೇ. ಕೆಲವೇ ವರ್ಷಗಳಲ್ಲಿ ಅದೇ ಟಾರ್ಲಾಫ್‌ಗೆ, ಸ್ವಂತ ಹೆಸರಿನಲ್ಲಿ, 'ಫಾದರ್ ಗೂಸ್' ಚಿತ್ರಕತೆಯ ಪಾಲುದಾರನಾಗಿ ಆಸ್ಕರ್ ಬಂತು.

ಪ್ರಾಯೋಜಕರೊಡನೆ ಜಗಳಗಳೂ ಇದ್ದವು. ಮನೆಯಲ್ಲಿರುವ ಹೆಂಗಸು ಮುತ್ತಿನ ಹಾರ, ಅಗಲ ಲಂಗ ತೊಟ್ಟು ಕಸ ಗುಡಿಸುವುದು ಆಗಿನ ಟಿ.ವಿ.ಯ ಶಾಸ್ತ್ರ. ಮೂರ್ ತಾನು ಮನೆಯಲ್ಲಿ ಹಾಕಿಕೊಳ್ಳುವಂಥ ಬಿಗಿ ಪ್ಯಾಂಟು ತೊಟ್ಟಳು. ಆಕ್ಷೇಪ ಬಂತು, ಕಂತಿಗೆ ಒಂದು ದೃಶ್ಯದಲ್ಲಷ್ಟೇ ಪ್ಯಾಂಟು ಎಂದು ರಾಜಿಯಾಯಿತು, ಕೆಲವು ವಾರಗಳಲ್ಲಿ ರಾಜಿಯನ್ನು ಎಲ್ಲರೂ ಮರೆತರು. ದೇಶದ ಹೆಂಗಸರು ಅದನ್ನೇ ಕೊಳ್ಳತೊಡಗಿದ್ದರು.

ಇದಕ್ಕಿಂತ ದೊಡ್ಡ ಪರೀಕ್ಷೆ 1963ರ ಸೆಪ್ಟೆಂಬರಿನಲ್ಲಿ ಪ್ರಸಾರವಾದ ಕಂತು. ಮಾರ್ಟಿನ್ ಲೂಥರ್ ಕಿಂಗ್ ವಾಷಿಂಗ್ಟನ್‌ನಲ್ಲಿ ಭಾಷಣ ಮಾಡಿ ಒಂದು ತಿಂಗಳೂ ಆಗಿರಲಿಲ್ಲ. ಬಿಲ್ ಪರ್ಸ್ಕಿ ಮತ್ತು ಸ್ಯಾಮ್ ಡೆನಾಫ್ ಬರೆದ ಕತೆಯಲ್ಲಿ, ಆಸ್ಪತ್ರೆಯಲ್ಲಿ ತನ್ನ ಮಗು ಇನ್ನೊಂದು ದಂಪತಿಯ ಮಗುವಿನೊಡನೆ ಅದಲುಬದಲಾಗಿದೆ ಎಂದು ರಾಬ್ ಹಟ ಹಿಡಿಯುತ್ತಾನೆ, ಆ ದಂಪತಿಗೆ ಫೋನು ಮಾಡಿ ಮನೆಗೆ ಕರೆಸುತ್ತಾನೆ. ಬಾಗಿಲು ತೆರೆದರೆ ಬಂದವರು ಕಪ್ಪು ಜನಾಂಗದ ಗಂಡಹೆಂಡಿರು. ವಾಹಿನಿಯವರು ಹೆದರಿದರು. ಕಪ್ಪು ಜನ ನಗೆಪಾಟಲಾಗುವುದನ್ನು ತೋರಿಸುವುದು ಬೇಡ ಎಂಬುದು ಹೊರಗಿನ ಮಾತು. ದಕ್ಷಿಣದ ರಾಜ್ಯಗಳ ಭಯ ಒಳಗಿನದು. ಇಲ್ಲಿ ನಗೆಪಾಟಲಾಗುವವನು ಬಿಳಿಯ ರಾಬ್ ಒಬ್ಬನೇ, ಬಂದವರು ಅವನಿಗಿಂತ ಬುದ್ಧಿವಂತರು ಎಂದು ರೈನರ್ ಮತ್ತು ಲೆನರ್ಡ್ ವಾದಿಸಿದರು. ಚಿತ್ರೀಕರಣಕ್ಕೆ ಬಂದ ಪ್ರೇಕ್ಷಕರು ಮುಖ ಸಿಂಡರಿಸಿದರೆ ಆ ಭಾಗವನ್ನು ಮತ್ತೆ ಚಿತ್ರೀಕರಿಸುವುದಾಗಿ ಮಾತು ಕೊಟ್ಟರು. ಬಾಗಿಲು ತೆರೆಯಿತು. ನಗು ಎಷ್ಟು ಹೊತ್ತು ನಿಲ್ಲಲಿಲ್ಲವೆಂದರೆ ಸಂಕಲನದಲ್ಲಿ ಅದನ್ನು ಕತ್ತರಿಸಿ ಚಿಕ್ಕದು ಮಾಡಬೇಕಾಯಿತು.

ಹಾಗೆಂದು ಈ ಧಾರಾವಾಹಿ ತನ್ನ ಕಾಲವನ್ನು ಪೂರ್ತಿ ಮೀರಿತೆಂದು ಹೇಳಲಾರೆ. ಗಂಡಹೆಂಡಿರು ಬೇರೆ ಬೇರೆ ಮಂಚದ ಮೇಲೆ ಮಲಗುತ್ತಾರೆ. ಅದು ವಾಹಿನಿಯ ಕಟ್ಟಳೆ, ಬಿಡಿ. ಆದರೆ ಲಾರಾ ನೃತ್ಯಗಾತಿಯಾಗಿದ್ದವಳು. ಒಂದು ಕಂತಿನಲ್ಲಿ ಅವಳಿಗೆ ಮತ್ತೆ ಕುಣಿಯುವ ಅವಕಾಶ ಬರುತ್ತದೆ, ಚೆನ್ನಾಗಿಯೇ ಕುಣಿಯುತ್ತಾಳೆ, ಕೊನೆಗೆ ಮನೆಯೇ ಸಾಕೆಂದು ಮರಳುತ್ತಾಳೆ. ಗಂಡಸರಿಗೆ ಸರಿಸಮನಾಗಿ ಬರೆದು ದುಡಿಯುವ ಸ್ಯಾಲಿಯ ಜೋಕುಗಳಲ್ಲಿ ಅರ್ಧಕ್ಕರ್ಧ ಗಂಡ ಸಿಗದ ಗೋಳು. ಬರಹಗಾರರ ಕೋಣೆಯಲ್ಲಿ ಕೆಂಪು ಸ್ವೆಟರ್ ಬೀಸಿದವಳನ್ನು ಕಣ್ಣಾರೆ ಕಂಡವನು ಇಷ್ಟಕ್ಕೇ ನಿಂತದ್ದು ಏಕೆ ಎಂದು ಕೇಳುವುದು ಅನ್ಯಾಯವೇನಲ್ಲ. ಆ ಲೆಕ್ಕ ತೀರಿದ್ದು 1970ರಲ್ಲಿ, ಮೇರಿ ಟೈಲರ್ ಮೂರ್ ತನ್ನದೇ ಹೆಸರಿನ ಧಾರಾವಾಹಿಯಲ್ಲಿ ಮದುವೆಯಾಗದ, ದುಡಿಯುವ, ಅದಕ್ಕಾಗಿ ಅಳದ ಹೆಣ್ಣಾದಾಗ.

ನಟನ ಚಪಲ ರೈನರ್‌ನನ್ನು ಪೂರ್ತಿ ಬಿಟ್ಟಿರಲಿಲ್ಲ. ರಾಬ್‌ನ ಪಾತ್ರ ಕೈತಪ್ಪಿದ ಮೇಲೆ ಅವನು ಆರಿಸಿಕೊಂಡದ್ದು ಧಣಿಯ ಪಾತ್ರ: ಆಲನ್ ಬ್ರೇಡಿ, ಹಮ್ಮು ತುಂಬಿದ ಟಿ.ವಿ. ತಾರೆ. ಮೊದಮೊದಲು ಬೆನ್ನು, ದನಿ ಇಷ್ಟೇ. ಮುಖ ತೋರಿಸಿದ್ದು ತಡವಾಗಿ. ಇವನು ಸೀಸರ್ ತಾನೆ ಎಂದು ಕೇಳಿದವರಿಗೆ ರೈನರ್ ಇಲ್ಲವೆನ್ನುತ್ತಿದ್ದ. ಹಲವರ ಬೆರಕೆಯೆಂಬುದೇ ನಿಜವಿರಬೇಕು. 1965ರ ಒಂದು ಕಂತಿನಲ್ಲಿ ಲಾರಾ ದೇಶವೆಲ್ಲ ನೋಡುತ್ತಿರುವ ಕಾರ್ಯಕ್ರಮದಲ್ಲಿ ಬಾಯಿ ಜಾರಿ, ಆಲನ್ ಬ್ರೇಡಿ ಬೋಳುತಲೆಯವನು, ತೊಡುವುದು ಕೃತಕ ಕೂದಲು ಎಂದು ಹೇಳಿಬಿಡುತ್ತಾಳೆ. ಕ್ಷಮೆ ಕೇಳಲು ಬಂದಾಗ ಬ್ರೇಡಿ ಸಾಲಾಗಿ ಜೋಡಿಸಿಟ್ಟ ತನ್ನ ಕೂದಲ ಟೋಪಿಗಳ ಜೊತೆ ಮಾತಾಡುತ್ತಾ ಕುಳಿತಿರುತ್ತಾನೆ. ರೈನರ್ ನಿಜಕ್ಕೂ ಬೋಳುತಲೆಯವನೇ. ತೆರೆಯ ಮೇಲೆ ಅಷ್ಟು ವರ್ಷ ಕೃತಕ ಕೂದಲು ತೊಟ್ಟಿದ್ದವನೇ.

ಐದು ವರ್ಷ ಸಾಕು, ಚೆನ್ನಾಗಿರುವಾಗಲೇ ನಿಲ್ಲಿಸೋಣ ಎಂದು ತಂಡವೇ ತೀರ್ಮಾನಿಸಿತು. 1966ರ ಜೂನ್ 1ರಂದು ಬಂದ ಕೊನೆಯ ಕಂತಿನಲ್ಲಿ ರಾಬ್ ತನ್ನ ಆತ್ಮಕತೆ ಬರೆದು ಮುಗಿಸುತ್ತಾನೆ. ಪ್ರಕಾಶಕರು ಒಲ್ಲೆನ್ನುತ್ತಾರೆ. ಆಲನ್ ಬ್ರೇಡಿ ಅದನ್ನು ಕೊಂಡು, ಧಾರಾವಾಹಿ ಮಾಡುತ್ತೇನೆ, ರಾಬ್‌ನ ಪಾತ್ರವನ್ನು ನಾನೇ ಮಾಡುತ್ತೇನೆ ಎನ್ನುತ್ತಾನೆ. ಏಳೆಂಟು ವರ್ಷ ಹಿಂದೆ ತಾನು ಮಾಡಿದ ತಪ್ಪನ್ನೇ ರೈನರ್ ಇಲ್ಲಿ ಧಣಿಯ ದರ್ಪವಾಗಿಸಿ ನಗಿಸಿದ್ದಾನೆ.

ಮುಂದಿನ ಐವತ್ತು ವರ್ಷ ಬಲು ತುಂಬಿದ ಬದುಕು; ಇಲ್ಲಿ ಬೇಗ ಹೇಳಿ ಮುಗಿಸಬಹುದು. ಸಿನಿಮಾ ನಿರ್ದೇಶಕನಾದ, ಸ್ಟೀವ್ ಮಾರ್ಟಿನ್‌ನ 'ದ ಜರ್ಕ್' 1979ರದು. 1971ರಲ್ಲಿ ವ್ಯಾನ್ ಡೈಕ್‌ನಿಗಾಗಿ ಮತ್ತೊಂದು ಧಾರಾವಾಹಿ ಆರಂಭಿಸಿದ. ಅದರ ಒಂದು ಕಂತಿನಲ್ಲಿ ಅಪ್ಪ ಅಮ್ಮನ ಏಕಾಂತಕ್ಕೆ ಮಗಳು ಅರಿಯದೆ ಬಂದುಬಿಡುವ ಸನ್ನಿವೇಶವಿತ್ತು. ತೆರೆಯ ಮೇಲೆ ಏನನ್ನೂ ತೋರಿಸುವಂತಿರಲಿಲ್ಲ. ವಾಹಿನಿ ಪ್ರಸಾರ ಮಾಡಲಿಲ್ಲ, ರೈನರ್ ಹೊರನಡೆದ. 1995ರಲ್ಲಿ ಬೇರೊಂದು ಧಾರಾವಾಹಿಯಲ್ಲಿ ಅತಿಥಿಯಾಗಿ ಆಲನ್ ಬ್ರೇಡಿಯ ವೇಷ ಮತ್ತೆ ತೊಟ್ಟು ಎಮಿ ಗೆದ್ದ. ಎಸ್ಟೆಲ್ 2008ರಲ್ಲಿ ತೀರಿಕೊಂಡ ಮೇಲೆ ಬ್ರೂಕ್ಸ್ ಸಂಜೆ ಹೊತ್ತು ಬಂದು ರೈನರ್‌ನ ಮನೆಯಲ್ಲಿ ಊಟ ಮಾಡಿ ಟಿ.ವಿ. ನೋಡುವುದು ವಾಡಿಕೆಯಾಯಿತು. ಬೆವರ್ಲಿ ಹಿಲ್ಸ್‌ನಲ್ಲಿ 2020ರ ಜೂನ್ 29ರಂದು ರೈನರ್ ಸತ್ತಾಗ 98 ವರ್ಷ.

ಈ 158 ಕಂತುಗಳನ್ನು ನೋಡುವ ಮನಸ್ಸಾದರೆ ಮೊದಲನೆಯದರಿಂದ ಶುರು ಮಾಡಬೇಡಿ. ಆ ವರ್ಷ ಎಲ್ಲರೂ ಇನ್ನೂ ಜಾಗ ಹುಡುಕಿಕೊಳ್ಳುತ್ತಿದ್ದರು. 1963ರ ಆ ಆಸ್ಪತ್ರೆಯ ಮಗುವಿನ ಕಂತನ್ನು ನೋಡಿ, ಆಮೇಲೆ ಬೋಳುತಲೆಯ ಕಂತು. ಅವೆರಡೂ ಹಿಡಿಸದಿದ್ದರೆ ಉಳಿದವನ್ನು ನೋಡದಿದ್ದರೂ ನಷ್ಟವಿಲ್ಲ.